ಟ್ರೇ ಹಿಂದಿನ ಚರಿತ್ರೆ, ಭಾಗ 3: ಎರಡು ವರ್ಷದ ಬಾಗಿಲು

ಮೊದಲ ಫೋಟೊದಲ್ಲಿರೋ ಟ್ರೇ ನೋಡಿ. ಉಪ್ಪು ಕಡಿಮೆ ಹಾಕಿದ ಸೂಪು, ಒಂದು ಕಪ್ ಮೊಸರು, ಪಕ್ಕದಲ್ಲಿ ಪುಟ್ಟ ಚೀಟಿ. ಅಮೆರಿಕದ ಆಸ್ಪತ್ರೆಗಳಲ್ಲಿ ಈ ಊಟಕ್ಕೂ ರೋಗಿಯ ಕಾಯಿಲೆಗೂ ತಾಳೆ ಆಗುತ್ತಾ ಅಂತ ನೋಡೋರಲ್ಲಿ ಒಬ್ಬರು ಡಯೆಟಿಕ್ ಟೆಕ್ನಿಷಿಯನ್. ಡಯೆಟಿಷಿಯನ್ ಅಂದ್ರೆ ನಿಮಗೆ ಗೊತ್ತು. ಆದ್ರೆ ಇವರು ಯಾರು?

ಸ್ವಲ್ಪ ಹಿಂದಕ್ಕೆ ಹೋಗೋಣ.

1917. ಮೊದಲ ಮಹಾಯುದ್ಧದ ಕಾಲ, ಆಹಾರ ಉಳಿಸೋದೇ ದೊಡ್ಡ ಚಿಂತೆ. ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಲೆನ್ನಾ ಕೂಪರ್, ಲುಲು ಗ್ರೇವ್ಸ್ ಮುಂದಾಳತ್ವದಲ್ಲಿ ಅಮೆರಿಕನ್ ಡಯೆಟಿಕ್ ಅಸೋಸಿಯೇಷನ್ ಹುಟ್ಟಿತು. ಅಡುಗೆಮನೆ ಕೆಲಸ ಅಂತ ಜನ ಅಂದುಕೊಂಡಿದ್ದನ್ನ ಇವರು ಒಂದು ವೃತ್ತಿಯಾಗಿ ಕಟ್ಟಿದರು.

ಇನ್ನೊಂದು ಕಡೆ, 1901ರಲ್ಲೇ ಇಲಿನಾಯ್‌ನಲ್ಲಿ ಜೋಲಿಯೆಟ್ ಜೂನಿಯರ್ ಕಾಲೇಜ್ ಶುರುವಾಗಿತ್ತು. ವಿದ್ಯಾರ್ಥಿಗಳು ಎಷ್ಟು ಜನ ಗೊತ್ತಾ? ಆರೇ ಆರು! ಮನೆ ಬಿಟ್ಟು ದೂರ ಹೋಗಲಾಗದವರಿಗೆ ಊರಲ್ಲೇ ಎರಡು ವರ್ಷ ಓದೋ ಅವಕಾಶ. ಇಂದಿನ ಕಮ್ಯುನಿಟಿ ಕಾಲೇಜುಗಳ ಬೇರು ಇಲ್ಲಿದೆ.

ಈ ಎರಡು ದಾರಿ ಸೇರೋದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯ್ತು. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಬಂದವು. ವಯಸ್ಸಾದವರು, ಬಡವರು ಚಿಕಿತ್ಸೆಗೆ ಬರೋದು ಸುಲಭ ಆಯ್ತು, ಕೈಗಳು ಸಾಲದೆ ಹೋದವು. ಮರುವರ್ಷವೇ ಆರೋಗ್ಯ ಸಹಾಯಕ ವೃತ್ತಿಗಳ ತರಬೇತಿಗೆ ಹಣ ಕೊಡೋ ಕಾನೂನು ಬಂತು. 1970ರ ದಶಕದಲ್ಲಿ ಎರಡು ವರ್ಷದ ಡಯೆಟಿಕ್ ಟೆಕ್ನಿಷಿಯನ್ ಕೋರ್ಸುಗಳು ಬೆಳೆದವು.

ಅದೇ ದಶಕದಲ್ಲಿ ಒಂದು ಲೇಖನ ಎಲ್ಲರನ್ನೂ ಬೆಚ್ಚಿಬೀಳಿಸಿತು. 1974ರಲ್ಲಿ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಬರೆದದ್ದು ಇಷ್ಟು: ಆಸ್ಪತ್ರೆಗೆ ಬಂದ ರೋಗಿಗಳು ಆಸ್ಪತ್ರೆಯಲ್ಲೇ ಅಪೌಷ್ಟಿಕತೆಗೆ ಬೀಳ್ತಿದ್ದಾರೆ. ಎತ್ತರ, ತೂಕ ಸರಿಯಾಗಿ ಬರೆದಿಡೋರಿಲ್ಲ. ದಿನಗಟ್ಟಲೆ ಬರೀ ಗ್ಲೂಕೋಸ್ ಡ್ರಿಪ್.

ಈಗ ಟೆಕ್ನಿಷಿಯನ್ ಕೆಲಸ ಏನು ಅಂತ ಕೇಳಿ. ತೂಕ ಇಳಿದಿದೆಯಾ? ಹಸಿವಾಗುತ್ತಾ? ನುಂಗೋಕೆ ಕಷ್ಟನಾ? ಟ್ರೇ ಅರ್ಧ ವಾಪಸ್ ಬಂತಾ? ಇದನ್ನೆಲ್ಲ ಕೇಳಿ, ಬರೆದು, ಡಯೆಟಿಷಿಯನ್‌ಗೆ ತಿಳಿಸೋದು. ಚಿಕ್ಕ ಕೆಲಸ ಅನ್ನಿಸುತ್ತೆ, ಅಲ್ವಾ? ಆದ್ರೆ ಬಟರ್‌ವರ್ತ್ ಇಲ್ಲ ಅಂತ ಹೇಳಿದ್ದು ಇಂಥ ಕೆಲಸವನ್ನೇ.

ಈಗ ಕಷ್ಟದ ಮಾತಿಗೆ ಬರೋಣ. 2009ರಿಂದ ನಾಲ್ಕು ವರ್ಷದ ಡಯೆಟಿಕ್ಸ್ ಪದವಿ ಇದ್ದವರೂ ಟೆಕ್ನಿಷಿಯನ್ ಪರೀಕ್ಷೆ ಬರೀಬಹುದು. 2024ರ ಜನವರಿಯಿಂದ ಡಯೆಟಿಷಿಯನ್ ಪರೀಕ್ಷೆಗೆ ಕೂರಬೇಕಾದ್ರೆ ಸ್ನಾತಕೋತ್ತರ ಪದವಿಯೇ ಬೇಕು. ಅಂದ್ರೆ ಕೆಳಗಿನ ಮೆಟ್ಟಿಲಲ್ಲಿ ಪೈಪೋಟಿ ಜಾಸ್ತಿ, ಮೇಲಿನ ಮೆಟ್ಟಿಲು ಇನ್ನೂ ಎತ್ತರ. ಕಾರಣ ಇಲ್ಲ ಅಂತಲ್ಲ. ಕಿಡ್ನಿ ಕಾಯಿಲೆ, ಟ್ಯೂಬ್ ಮೂಲಕ ಊಟ, ಇದೆಲ್ಲ ಆಳವಾದ ಓದು ಕೇಳುತ್ತೆ. ಆದ್ರೆ ಹಗಲು ಕೆಲಸ ಮಾಡಿ ರಾತ್ರಿ ಕ್ಲಾಸಿಗೆ ಬರೋ ಹುಡುಗಿಗೆ ಈ ಎತ್ತರ ಸುಮ್ನೆ ಅಲ್ಲ.

ಹಾಗಾಗಿ ಅಲ್ಲಿ ಓದೋಕೆ ಹೊರಟಿರೋ ನಮ್ಮವರಿಗೆ ಒಂದು ಮಾತು. ಸೇರೋ ಮೊದಲೇ ಕೇಳಿ: ಈ ಕೋರ್ಸಿಗೆ ಮಾನ್ಯತೆ ಇದೆಯಾ? ಇಲ್ಲಿನ ಕ್ರೆಡಿಟ್ ನಾಲ್ಕು ವರ್ಷದ ಕಾಲೇಜಿಗೆ ನಡೆಯುತ್ತಾ? ಪ್ರಾಕ್ಟಿಕಲ್ ತರಬೇತಿಗೆ ಜಾಗ ಯಾರು ಹುಡುಕಿ ಕೊಡ್ತಾರೆ? ಕೇಳೋಕೆ ನಾಚಿಕೆ ಬೇಡ.

ಚರಿತ್ರೆ ಹೇಳೋದು ಇಷ್ಟೇ. ಜನ ಸಾಲದಿದ್ದಾಗ ಬಾಗಿಲು ಅಗಲ ಆಗುತ್ತೆ, ವೃತ್ತಿಗೆ ಗೌರವ ಬೇಕಾದಾಗ ಕಿರಿದಾಗುತ್ತೆ. ಆದ್ರೆ ಅರ್ಧ ಉಳಿದ ಟ್ರೇ ನೋಡೋ ಕಣ್ಣು ಮಾತ್ರ ಎರಡೂ ಕಾಲಕ್ಕೂ ಬೇಕು.

ನಿಮ್ಮ ಮನೆಯಲ್ಲಿ ಯಾರಾದ್ರೂ ಆಸ್ಪತ್ರೆಯಲ್ಲಿದ್ದಾಗ, ಊಟ ಎಷ್ಟು ಹೋಯ್ತು ಅಂತ ಕೇಳಿದ್ದು ಯಾರು? ಕೆಳಗೆ ಬರೀರಿ. ಭಾಗ 4ರಲ್ಲಿ ಶಾಲೆಯ ಊಟದ ಕಥೆ.