ತಾಯಿಯನ್ನು ಹೊರಗಿಟ್ಟ ಚಿಕಿತ್ಸೆ

ನಾನು ವೈದ್ಯವೃತ್ತಿಗೆ ಕಾಲಿಟ್ಟ ಹೊಸದರಲ್ಲಿ ನಮ್ಮ ವಾರ್ಡಿಗೆ ಹದಿನಾರರ ಹುಡುಗಿಯೊಬ್ಬಳನ್ನು ಕರೆತಂದರು. ಎಷ್ಟು ಪರೀಕ್ಷಿಸಿದರೂ ದೇಹದಲ್ಲಿ ಬೇರೆ ರೋಗ ಸಿಕ್ಕಲಿಲ್ಲ. ಊಟವೊಂದು ಮಾತ್ರ ಬೇಡ. ಮೈ ಎಲುಬಿನ ಗೂಡಾಗಿತ್ತು. ಹಿರಿಯ ವೈದ್ಯರ ಆಜ್ಞೆಯಂತೆ ಅವಳ ತಾಯಿಯನ್ನು ಬಾಗಿಲಲ್ಲಿಯೇ ತಡೆದವನು ನಾನು. ಆಕೆ ತಂದಿದ್ದ ಊಟದ ಕ್ಯಾರಿಯರನ್ನು ಹಾಗೆಯೇ ಹಿಡಿದು ಹಿಂದಿರುಗಿದರು. ಆ ಆಜ್ಞೆಯ ಮೂಲವನ್ನು ನಾನು ಅರಸಿದ್ದು ಬಹಳ ವರ್ಷಗಳ ತರುವಾಯ.

1873ರಲ್ಲಿ ಪ್ಯಾರಿಸಿನ ಲಾಸೆಗ್, ಲಂಡನ್ನಿನ ವಿಲಿಯಂ ಗಲ್, ಇಬ್ಬರೂ ಬೇರೆಬೇರೆಯಾಗಿಯೇ ಈ ರೋಗವನ್ನು ವರ್ಣಿಸಿದರು. ಗಲ್ ಇಟ್ಟ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರೇ ಇಂದಿಗೂ ನಿಂತಿದೆ. ರೋಗಿಗೆ ಮನಸ್ಸು ಬರಲೆಂದು ಕಾಯದೆ ನಿಯತ ವೇಳೆಗೆ ಆಹಾರ ಕೊಡಬೇಕೆಂದು ಅವನು ವಿಧಿಸಿದನು. ಆ ಮಾತು ಹುಸಿಯಾಗಲಿಲ್ಲ. ಆದರೆ ಬಂಧುಗಳು ಸಾಮಾನ್ಯವಾಗಿ ಶುಶ್ರೂಷೆಗೆ ತೀರ ಅನರ್ಹರೆಂದೂ ಬರೆದನು. ಪ್ಯಾರಿಸಿನ ಶಾರ್ಕೊ ಇನ್ನೂ ಮುಂದೆ ಹೋದನು. ಅಂಗುಲೇಮ್ ಪಟ್ಟಣದಿಂದ ಮಗಳನ್ನು ಕರೆತಂದ ತಾಯಿತಂದೆಗಳಿಗೆ ಅವನು ಹೇಳಿದ್ದು, ಪ್ಯಾರಿಸನ್ನು ಬಿಟ್ಟು ಹೋಗಿರಿ, ಇಲ್ಲವೇ ಹೋದಂತೆ ನಟಿಸಿರಿ ಎಂದು! ಅವರು ಹೋದ ಮೇಲೆ ಹುಡುಗಿ ಉಂಡಳು. ಒಂದು ಹುಡುಗಿ ಉಂಡದ್ದು ಪಾಠವಾಯಿತು, ಪಾಠ ಪದ್ಧತಿಯಾಯಿತು. ಇಪ್ಪತ್ತನೆಯ ಶತಮಾನದ ಮನೋವಿಶ್ಲೇಷಕರಲ್ಲಿ ಹಲವರು ತಾಯಿಯನ್ನು ಅನರ್ಹಳೆಂಬಲ್ಲಿಗೆ ಬಿಡದೆ ರೋಗಕ್ಕೆ ಕಾರಣಳೆಂದೇ ಗಣಿಸಿದರು.

ಇದನ್ನು ಅಲುಗಿಸಬಹುದಾಗಿದ್ದ ಸಾಕ್ಷ್ಯವೊಂದು ಬೇರೊಂದು ಉದ್ದೇಶದ ಸಂಶೋಧನೆಯಲ್ಲಿ ದೊರಕಿತು. ಯುದ್ಧದಿಂದ ಕಂಗೆಟ್ಟ ಯೂರೋಪಿನ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲಿ 36 ಮಂದಿ ತರುಣರ ಮೇಲೆ ಪ್ರಯೋಗ ನಡೆಸಿದನು. ಧರ್ಮಬುದ್ಧಿಯಿಂದ ಯುದ್ಧಕ್ಕೆ ಹೋಗಲೊಲ್ಲದೆ ತಾವಾಗಿಯೇ ಇದಕ್ಕೆ ಒಪ್ಪಿದವರು ಅವರು. 24 ವಾರಗಳ ಅರೆಹೊಟ್ಟೆಯಲ್ಲಿ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆಗ ಕಂಡದ್ದೇನು? ತಟ್ಟೆಯ ಮುಂದೆ ಗಂಟೆಗಟ್ಟಲೆ ಕುಳಿತು ತುತ್ತನ್ನು ಎಳೆದಾಡುವುದು, ಅಡುಗೆಪುಸ್ತಕಗಳನ್ನು ಕೂಡಿಹಾಕುವುದು, ಸಿಡುಕು, ಖಿನ್ನತೆ, ಗೆಳೆಯರಿಂದ ದೂರ ಸರಿಯುವುದು. ನಮ್ಮ ವಾರ್ಡಿನ ಹುಡುಗಿಯ ವಿಚಿತ್ರವೆಲ್ಲ ಅಲ್ಲಿತ್ತು. ಅಲ್ಲಿ ಯಾರ ತಾಯಿಯೂ ಇರಲಿಲ್ಲ. ಆ ತರುಣರಿಗೆ ತೂಕದ ಭಯವಿರಲಿಲ್ಲ, ನಿಜ. ಆದರೂ ವಿಕಾರಗಳಲ್ಲಿ ಎಷ್ಟು ಪಾಲು ಹಸಿವಿನದೇ ಎಂಬುದನ್ನು ಕಾಣಲು ಇಷ್ಟು ಸಾಕಿತ್ತು. ಕೀಸನ ಎರಡು ದಪ್ಪ ಸಂಪುಟಗಳು 1950ರಲ್ಲಿಯೇ ಹೊರಬಂದಿದ್ದವು. ನನ್ನ ಗುರುಗಳು ಯಾರೂ ಅವುಗಳ ಹೆಸರೆತ್ತಿದ್ದು ನೆನಪಿಲ್ಲ.

1987ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು 80 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ರೋಗ ತೊಡಗಿ ಮೂರು ವರ್ಷ ತುಂಬದಿದ್ದವರಲ್ಲಿ, ರೋಗಿಯೊಬ್ಬಳಿಗೇ ಕೊಡುವ ಚಿಕಿತ್ಸೆಗಿಂತ ಕುಟುಂಬವನ್ನು ಕೂಡಿಸಿಕೊಂಡ ಚಿಕಿತ್ಸೆಯೇ ಮೇಲೆಂದು ಕಂಡುಬಂದಿತು. ಆ ಗುಂಪು ಚಿಕ್ಕದು, ಇಪ್ಪತ್ತೊಂದೇ ಮಂದಿ; ಎಲ್ಲ ವಯಸ್ಸಿನವರಿಗೂ ಅದು ಸಲ್ಲಲಿಲ್ಲ. ಆದರೆ ಮುಂದಿನ ಸಂಶೋಧನೆಗಳು ಅದೇ ಹಾದಿ ಹಿಡಿದವು. ಈ ರೋಗಗಳ ತಜ್ಞರ ಅಂತರರಾಷ್ಟ್ರೀಯ ಅಕಾಡೆಮಿ 2010ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ, ಕುಟುಂಬವೇ ರೋಗದ ಮೂಲಕಾರಣವೆಂಬ ವಾದವನ್ನು ತಳ್ಳಿಹಾಕಿತು. ಎಳೆಯರ ಚಿಕಿತ್ಸೆಯಲ್ಲಿ ಮನೆಯವರನ್ನು ಸೇರಿಸಿಕೊಳ್ಳಬೇಕೆಂದಿತು. ಗಲ್ ಬರೆದು ಆಗಲೇ ನೂರು ವರ್ಷಗಳ ಮೇಲೆ ಮೂವತ್ತಾರು ಸಂದಿದ್ದವು.

ನಮ್ಮ ವಾರ್ಡಿನ ಹುಡುಗಿ ಕೆಲವು ವಾರಗಳಲ್ಲಿ ತುಸು ಮೈದುಂಬಿಕೊಂಡು ಮನೆಗೆ ಹೋದಳು. ಬಾಗಿಲ ತನಕ ನಾನೇ ಹೋಗಿ ತಾಯಿಯ ಕೈಗೆ ಔಷಧದ ಚೀಟಿ ಕೊಟ್ಟೆ. ಮನೆಯಲ್ಲಿ ಅವಳಿಗೆ ಹೇಗೆ ಉಣಿಸಬೇಕೆಂದು ಆಕೆ ಕೇಳಿದರು. ನಮಗೆ ಯಾರೂ ಅದನ್ನು ಕಲಿಸಿರಲಿಲ್ಲ.