ಗೇರುಗುಡ್ಡದ ವಿಷವೂ ಯಕೃತ್ತಿನ ಮೇದಸ್ಸೂ

ಧರ್ಮಸ್ಥಳಕ್ಕೆ ಯಾತ್ರೆ ಬಂದವರಲ್ಲಿ ಅನೇಕರು ಮಂಜುನಾಥನ ದರ್ಶನವಾದ ಮೇಲೆ ಕೊಕ್ಕಡದ ಬಳಿಯ ಸೌತಡ್ಕಕ್ಕೂ ಹೋಗಿಬರುವುದು ವಾಡಿಕೆ. ಗುಡಿಗೋಪುರಗಳಿಲ್ಲದೆ ಬಯಲಿನಲ್ಲಿಯೇ ಕುಳಿತ ಗಣಪತಿ; ಸುತ್ತಲೂ ಭಕ್ತರು ಕಟ್ಟಿದ ಗಂಟೆಗಳು. ಆ ಸೀಮೆಯ ಗುಡ್ಡಗಳಲ್ಲಿ ಗೇರುಮರಗಳನ್ನು ತಾವು ನೋಡಿರಬಹುದು. ಈ ಗುಡ್ಡಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಶಾಸನಗಳಲ್ಲಿ ಹುಡುಕಿದರೆ ಸಿಕ್ಕದು. ಶಾಲೆಯ ಹಾಜರಿ ಪುಸ್ತಕವನ್ನು ಏರಲಾರದೆ ಹೋದ ಮಕ್ಕಳ ಹೆಸರುಗಳಲ್ಲಿ ಹುಡುಕಬೇಕು.

ಗೇರು ನಮ್ಮ ನೆಲದ್ದಲ್ಲ, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಬಂಜರು ಗುಡ್ಡದಲ್ಲಿಯೂ ಬೆಳೆಯುವ ಈ ಮರದಿಂದ ವಿದೇಶೀ ನಾಣ್ಯ ಬರುವುದೆಂದು ಕಂಡು, 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಗೇರಿಗೆ ಒಬ್ಬ ಶತ್ರು ಇದ್ದಾನೆ: ಟೀ ಸೊಳ್ಳೆ ಎಂಬ ಕೀಟ. ಎಳೆಚಿಗುರಿನ, ಹೂಗೊಂಚಲಿನ ರಸವನ್ನು ಇದು ಹೀರಿದರೆ ಮರವೇ ಸುಟ್ಟಂತೆ ಕಾಣುವುದು. ಅದನ್ನು ಕೊಲ್ಲಲು ಆರಿಸಿಕೊಂಡ ಔಷಧ ಎಂಡೋಸಲ್ಫಾನ್, 1950ರ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಸಂಸ್ಥೆ ಹೊರತಂದ ಕ್ಲೋರಿನ್ ಜಾತಿಯ ಕೀಟನಾಶಕ. 1980ರ ದಶಕದಿಂದ 2000ದವರೆಗೆ ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಗ್ರಾಮಗಳ ನೆತ್ತಿಯ ಮೇಲೆ ಹೆಲಿಕಾಪ್ಟರು ಹಾರಿ ಇದನ್ನು ಸಿಂಪಡಿಸಿತು. ಬಯಲುಸೀಮೆಯಲ್ಲಾದರೆ ಮರದ ನೆತ್ತಿಗೆ ತಾಗಿದಂತೆ ಹಾರಬಹುದು. ನಮ್ಮ ಗುಡ್ಡ ಕಣಿವೆಗಳಲ್ಲಿ ಅದು ಸಾಧ್ಯವೇ? ತೋಟ ಮೇಲೆ, ಮನೆ, ಹಟ್ಟಿ, ತೆರೆದ ಬಾವಿ ಎಲ್ಲವೂ ಕೆಳಗೆ. ಗಾಳಿ ಒಯ್ಯದ್ದನ್ನು ಮಳೆ ಒಯ್ಯುವುದು.

ಗಡಿಯ ಆಚೆ, ಕನ್ನಡ ಮಾತಾಡುವ ಕಾಸರಗೋಡಿನ ಪಡ್ರೆಯಲ್ಲಿಯೂ ಇದೇ ಕಥೆ. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಊರಿನಲ್ಲಿ ಇಷ್ಟು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳೇಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಪಂಡಿತರು ಸಭೆಯಲ್ಲಿ ಗೆಲ್ಲಲಾಗದ್ದನ್ನು ಮುನ್ಸೀಫ್ ಕೋರ್ಟಿನಲ್ಲಿ ಒಬ್ಬ ಹೆಣ್ಣುಮಗಳು ಗೆದ್ದರೆಂದು ನನ್ನ ಭಾವನೆ. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾಬಾಲಕರನ್ನು ಪರೀಕ್ಷಿಸಿ, ಅವರ ಪ್ರಾಯ ತಡವಾಗಿ ಬರುತ್ತಿದೆಯೆಂದೂ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚೆಂದೂ 2003ರಲ್ಲಿ ಪ್ರಕಟಿಸಿದರು. ಔಷಧ ತಯಾರಕರೂ ಕೆಲವು ವಿಜ್ಞಾನಿಗಳೂ ಇದನ್ನೆಲ್ಲ ಒಪ್ಪಲಿಲ್ಲ. ವಾದ ನಡೆಯುತ್ತಲೇ 2011 ಬಂತು. ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ, ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು, ಮೇ 13ರಂದು ಸರ್ವೋಚ್ಚ ನ್ಯಾಯಾಲಯ, ಹೀಗೆ ಒಂದರ ಹಿಂದೊಂದಾಗಿ ನಿಷೇಧ ಬಿದ್ದಿತು.

ಇನ್ನು ಯಕೃತ್ತಿನ ಮಾತು. ಇಂದು ಪೇಟೆಯ ವೈದ್ಯರ ಬಳಿ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಹಲವರು 'ಫ್ಯಾಟಿ ಲಿವರ್' ಎಂಬ ಮಾತನ್ನು ಹೊತ್ತು ತರುತ್ತಾರೆ. ಯಕೃತ್ತಿನ ನೂರರಲ್ಲಿ ಐದು ಪಾಲನ್ನು ಮೀರಿ ಕೊಬ್ಬು ಸೇರಿದರೆ ಅದಕ್ಕೆ ಆ ಹೆಸರು. ಹೆಂಡ, ಬೊಜ್ಜು, ಸಕ್ಕರೆ ರೋಗ, ಇವೇ ಅದರ ಮುಖ್ಯ ಕಾರಣಗಳೆಂಬುದು ನಿಜ. ಆದರೆ ಇವಿಷ್ಟೇ ಅಲ್ಲ.

ಹೊಟ್ಟೆಗೆ ಬಿದ್ದದ್ದರಲ್ಲಿ ಹೆಚ್ಚಿನದು ರಕ್ತಕ್ಕೆ ಸೇರಿ ಮೊದಲು ಮುಟ್ಟುವುದು ಯಕೃತ್ತನ್ನು. ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಮಾತ್ರ ಕರಗುವ ವಿಷವನ್ನು ನೀರಿಗೆ ಒಗ್ಗುವಂತೆ ಒಡೆದು ಹೊರಹಾಕುವುದು ಅದರ ಕಾಯಕ. ವಿಷ ಬಂದಿತೆಂದು ತಿಳಿಸುವ ಒಂದು ಬಗೆಯ ಹಿಡಿ ಯಕೃತ್ತಿನ ಕಣಗಳೊಳಗೆ ಇದೆ. ವಿಷ ತಾಗಿದೊಡನೆ ಅದು ತಿರುಗಿ, ಒಡೆಯುವ ಕಿಣ್ವಗಳು ಹುಟ್ಟುತ್ತವೆ. ತೊಂದರೆ ಏನೆಂದರೆ, ಅದೇ ಹಿಡಿ ಕೊಬ್ಬನ್ನು ಕೂಡಿಡುವ ಕೆಲಸಕ್ಕೂ ಅಪ್ಪಣೆ ಕೊಡುತ್ತದೆ. ದಿನದಿನವೂ ತಿರುಗುತ್ತಿದ್ದರೆ ಕಣಜ ತುಂಬುತ್ತಲೇ ಹೋಗುವುದು. ಮನುಷ್ಯರ ಯಕೃತ್ತಿನ ಕಣಗಳಿಗೆ ಎಂಡೋಸಲ್ಫಾನ್ ಸೋಕಿಸಿದಾಗ ಈ ಹಿಡಿ ತಿರುಗುವುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಇನ್ನೊಂದು ದ್ರವದ ದಾರಿ ಬೇರೆ: ಯಕೃತ್ತಿನಿಂದ ಕೊಬ್ಬು ಹೊರಗೆ ಸಾಗುವ ಬಾಗಿಲನ್ನೇ ಅದು ಮುಚ್ಚುತ್ತದೆ.

ಇದು ಇಲಿಗಳ ಮಾತಷ್ಟೇ ಎನ್ನಬೇಡಿ. ಅಮೆರಿಕದ ಲೂಯಿವಿಲ್‌ನಲ್ಲಿ ವೈನಿಲ್ ಕ್ಲೋರೈಡ್ ಅನಿಲದ ನಡುವೆ ದುಡಿದ 25 ಕಾರ್ಮಿಕರ ಯಕೃತ್ತನ್ನು ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ಅವರಿಗೆ ಬೊಜ್ಜಿರಲಿಲ್ಲ, ಹೆಂಡವೂ ಕಾರಣವಾಗಿರಲಿಲ್ಲ. ಆದರೂ ಹೆಚ್ಚಿನವರ ಯಕೃತ್ತಿನಲ್ಲಿ ಕೊಬ್ಬೂ ಉರಿಯೂತವೂ ಇದ್ದವು.

ನಮ್ಮ ಹಿಂದಿನವರಿಗೆ ಈ ರಸಾಯನಗಳು ತಿಳಿಯದಿದ್ದರೂ ವಿಷದ ಸ್ವಭಾವ ತಿಳಿದಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಸುಶ್ರುತ ಸಂಹಿತೆಯಲ್ಲಿ 'ದೂಷೀವಿಷ' ಎಂಬ ಮಾತಿದೆ: ಕೂಡಲೆ ಕೊಲ್ಲದೆ, ಪೂರ್ತಿ ಹೊರಗೂ ಹೋಗದೆ, ವರ್ಷಗಟ್ಟಲೆ ಮೈಯಲ್ಲಿ ಅಡಗಿರುವ ವಿಷ. ಎಂಡೋಸಲ್ಫಾನ್ ಮಣ್ಣಿನಲ್ಲಿ ಸಲ್ಫೇಟ್ ರೂಪಕ್ಕೆ ತಿರುಗಿ, ಮೂಲದಷ್ಟೇ ವಿಷವಾಗಿ, ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆಂದು ಓದಿದಾಗ ನನಗೆ ಈ ಪದವೇ ನೆನಪಾಯಿತು.

ಸೊಟ್ಟಗಾದ ಕೈಕಾಲು ಕಣ್ಣಿಗೆ ಬೀಳುತ್ತದೆ, ಯಕೃತ್ತು ಬೀಳುವುದಿಲ್ಲ. ಅದು ನೋಯುವುದೂ ಅಪರೂಪ. ಸಿಂಪಡಣೆ ನಿಂತಿತು, ಬಳಿಕ ನಿಷೇಧವೂ ಬಂತು. ಆ ಮಳೆಯಲ್ಲಿ ನೆನೆದು ಬೆಳೆದವರು ಈಗ ನಡುವಯಸ್ಸಿಗೆ ಬಂದಿದ್ದಾರೆ. ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುವ ಏರ್ಪಾಡು ಒಳ್ಳೆಯದೇ, ಆದರೆ ಆ ತಕ್ಕಡಿಯಲ್ಲಿ ಒಳಗಿನ ಅಂಗಗಳ ತೂಕ ಬರುವುದಿಲ್ಲ. ಕುಡಿಯದ, ದಪ್ಪಗಿಲ್ಲದ ಒಬ್ಬಾತನ ಯಕೃತ್ತಿನಲ್ಲಿ ಕೊಬ್ಬು ಕಂಡಾಗ, ಎಣ್ಣೆ ತಿಂಡಿ ಬಿಡಿರೆಂದು ಹೇಳಿ ಕಳುಹಿಸುವ ಮುನ್ನ, 'ನಿಮ್ಮ ಊರು ಯಾವುದು, ಏನು ಕೆಲಸ, ಬಾವಿ ಯಾವ ಗುಡ್ಡದ ಬುಡದಲ್ಲಿದೆ' ಎಂದು ವೈದ್ಯರು ಕೇಳಿದರೆ ಎಷ್ಟು ಹೊತ್ತು ಹಿಡಿದೀತು? ಕೇಳದಿದ್ದರೆ ತಾವೇ ಹೇಳಿಬಿಡಿ. ತೋಟಕ್ಕೆ ಔಷಧ ಹೊಡೆಯುವವರು ಮನೆಯಲ್ಲಿದ್ದರೆ ಅದರ ಡಬ್ಬಿಯ ಮೇಲಿನ ಹೆಸರನ್ನೂ ಬರೆದುಕೊಂಡು ಹೋಗಿ.

ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಆಜ್ಞಾಪಿಸಿತು. ನಮ್ಮ ಕೊಕ್ಕಡದಲ್ಲಿ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರವೊಂದು ತೆರೆಯಿತು. ಅಲ್ಲಿಗೆ ಕರೆತರಬೇಕಾದ ಮಕ್ಕಳು ಈಗ ಮಕ್ಕಳಲ್ಲ. ಅವರನ್ನು ಎತ್ತಿ ವಾಹನಕ್ಕೆ ಹತ್ತಿಸಬೇಕಾದ ತಾಯಂದಿರು ಮುದುಕಿಯರಾಗುತ್ತಿದ್ದಾರೆ.