ಸೈನೈಡ್ ದಿಬ್ಬಗಳು, ಕೋಲಾರ ಚಿನ್ನದ ಗಣಿ

ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಅದಿರನ್ನು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ನುಣುಪು ಮಣ್ಣಿನ ರಾಶಿಗಳು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರಿಗಾಂ ಮೊದಲಾದ ಹಳೆಯ ಗಣಿಗಳ ಮಗ್ಗುಲಲ್ಲಿ ಇಂಥ 13 ದಿಬ್ಬಗಳಿವೆ. ಸುಮಾರು 1,000 ಎಕರೆಯಲ್ಲಿ ಹರಡಿರುವ ಇವುಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆಯೆಂದು ಅಂದಾಜು. ಬಯಲುಗಣಿಯ ಸೀಮೆಗೆ ಹೋದವರಿಗೆ ತೋಡಿದ ಹಳ್ಳವೂ ಅಗೆದು ಹಾಕಿದ ಗುಡ್ಡವೂ ಒಟ್ಟಿಗೇ ಕಾಣುತ್ತವೆ. ಕೆಜಿಎಫ್‌ನಲ್ಲಿ ಹಳ್ಳ ನೆಲದೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿರುವುದರಿಂದ ಕಣ್ಣಿಗೆ ಬೀಳುವುದು ಗುಡ್ಡ ಮಾತ್ರ. ಇಡೀ ಗಣಿ ಎಷ್ಟು ದೊಡ್ಡದಿತ್ತೆಂದು ಮೇಲೆ ನಿಂತು ಊಹಿಸಲು ಈ ದಿಬ್ಬಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ನೆಲ

ಗಣಿಗಳಿರುವುದು ಕೋಲಾರ ಶಿಸ್ಟ್ ಪಟ್ಟಿಯಲ್ಲಿ. ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಕೆಲವೇ ಕಿ.ಮೀ. ಅಗಲದ ಈ ಕಪ್ಪು ಶಿಲೆಯ ಪಟ್ಟಿ ದಕ್ಷಿಣಕ್ಕೆ ಆಂಧ್ರದ ಕುಪ್ಪಂ ಸೀಮೆಯನ್ನು ಹೊಕ್ಕಿದೆ. ಶಿಲೆಯ ವಯಸ್ಸು ಸುಮಾರು 270 ಕೋಟಿ ವರ್ಷ. ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೆ ಬಹಳ ಹಿಂದಿನ ಈ ಶಿಲೆಯಲ್ಲಿ ಕಲ್ಲಿದ್ದಲು ಸಿಗುವ ಮಾತೇ ಇಲ್ಲ. ಆದರೂ ಕಲ್ಲಿದ್ದಲಿನ ನಂಟು ಈ ಊರಿಗೆ ಎರಡು ಬಾರಿ ಬಂದಿದೆ. ಅದನ್ನು ಮುಂದೆ ಹೇಳಲಾಗಿದೆ.

ದಿಬ್ಬಗಳು ಬೆಳೆದ ಬಗೆ

ಚಾಂಪಿಯನ್ ಎಂಬ ಬಿಳಿಗಲ್ಲಿನ ಎಳೆಯಲ್ಲಿ ಚಿನ್ನ ಬಹುಮಟ್ಟಿಗೆ ಬಿಡಿ ಕಣಗಳಾಗಿಯೇ ಇತ್ತು. ಆದ್ದರಿಂದ ಮೊದಲಿನ ವಿಧಾನ ಸರಳ. ಮೇಲೆ ತಂದ ಅದಿರನ್ನು ಸ್ಟಾಂಪ್ ಮಿಲ್ಲಿನಲ್ಲಿ, ಅಂದರೆ ಸಾಲಾಗಿ ಎದ್ದು ಬೀಳುವ ಕಬ್ಬಿಣದ ಒನಕೆಗಳ ಕೆಳಗೆ, ನೀರು ಬೆರೆಸಿ ಕುಟ್ಟುತ್ತಿದ್ದರು. ಬಂದ ರಾಡಿಯನ್ನು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಅದನ್ನು ಕೆರೆದು ಕಾಸಿದಾಗ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ತಗಡಿಗೆ ಸಿಗದೆ ಜಾರಿಹೋದ ಸಣ್ಣ ಕಣಗಳು ಮರಳಿನೊಂದಿಗೆ ಹೊರಗೆ ಬೀಳುತ್ತಿದ್ದವು.

ಈ ನಷ್ಟವನ್ನು ತಡೆದದ್ದು 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಕೊಂಡ ಸೈನೈಡ್ ವಿಧಾನ. ಮರಳನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿ ತೀರ ತೆಳುವಾದ ಸೈನೈಡ್ ದ್ರಾವಣವನ್ನು ಅದರಲ್ಲಿ ಇಳಿಯಬಿಡುತ್ತಾರೆ. ಗಾಳಿಯ ಆಮ್ಲಜನಕ ಸೇರಿದರೆ ಮಾತ್ರ ಚಿನ್ನ ಕರಗುತ್ತದೆ. ಹುಳಿಯಂಶ ಹೆಚ್ಚಿದರೆ ವಿಷಾನಿಲ ಏಳುವುದರಿಂದ ದ್ರಾವಣಕ್ಕೆ ಸುಣ್ಣ ಬೆರೆಸುವುದು ಕಡ್ಡಾಯ. ಕೆಳಗೆ ಬಸಿದ ನೀರನ್ನು ಸತುವಿನ ಸಿಬಿರಿನ ಮೇಲೆ ಹಾಯಿಸಿದಾಗ ಸತು ಕರಗಿ ಚಿನ್ನ ಕಪ್ಪು ಕೆಸರಾಗಿ ಕೂರುತ್ತದೆ. ತೊಟ್ಟಿಯಲ್ಲಿ ಉಳಿದ ಮಣ್ಣನ್ನು ಬಳಿದು ರಾಶಿ ಹಾಕಿದರು. ದಶಕದಿಂದ ದಶಕಕ್ಕೆ ಆ ರಾಶಿಗಳೇ ಗುಡ್ಡಗಳಾದವು.

ಲೆಕ್ಕ ಹೀಗೆ ಹೊಂದುತ್ತದೆ. ನೂರಿಪ್ಪತ್ತು ವರ್ಷಗಳಲ್ಲಿ ಅರೆದ ಅದಿರು ಸುಮಾರು 5 ಕೋಟಿ ಟನ್, ಸಿಕ್ಕ ಚಿನ್ನ ಸುಮಾರು 800 ಟನ್. ಅಂದರೆ ಟನ್ನಿಗೆ ಸರಾಸರಿ 16 ಗ್ರಾಂ. ಆರಂಭದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಸಿಗುತ್ತಿತ್ತು, ಕೊನೆಗೆ ಕೆಲವೇ ಗ್ರಾಂಗೆ ಇಳಿಯಿತು. ದಿಬ್ಬಗಳಲ್ಲಿರುವ ಮಣ್ಣು ಅರೆದ ಅದಿರಿಗಿಂತ ಕಡಿಮೆ ಇರುವುದಕ್ಕೆ ಒಂದು ಕಾರಣ, ನಂತರದ ವರ್ಷಗಳಲ್ಲಿ ಮಿಲ್ಲಿನ ಮರಳನ್ನು ಮತ್ತೆ ಗಣಿಯೊಳಗಿನ ಖಾಲಿ ಜಾಗಗಳಿಗೆ ತುಂಬಿದ್ದು. ಒಂದಷ್ಟು ಮಳೆಗೂ ಗಾಳಿಗೂ ಹೋಗಿರಬೇಕು. ಉಳಿದ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಇದೆ. ಮೊದಲು ಲೆಕ್ಕಕ್ಕೆ ಬಾರದಿದ್ದ ಈ ಅಂಶ ಚಿನ್ನದ ಬೆಲೆ ಏರಿದಂತೆ ಮುಖ್ಯವಾಯಿತು. 2024ರಲ್ಲಿ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

ಗಣಿಯ ಇತಿಹಾಸ

ಇಂಗ್ಲಿಷರು ಬರುವ ಮೊದಲೇ ಇಲ್ಲಿ ನೆಲ ತೋಡಿದ್ದರು. ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯ ಕ್ರಿಸ್ತಶಕ ಮೊದಲ ಸಹಸ್ರಮಾನದ ನಡುಭಾಗವನ್ನು ಸೂಚಿಸುತ್ತದೆ. ತೋಡಿಸಿದವರು ಯಾವ ಅರಸರೆಂದು ಇಷ್ಟರಿಂದಲೇ ಹೇಳುವುದು ಆತುರವಾದೀತು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಊರಿಗಾಂ, ಮಾರಿಕುಪ್ಪಂ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ದಾಖಲಿಸಿದ. ಐರಿಷ್ ಮೂಲದ ನಿವೃತ್ತ ಸೈನಿಕ ಲಾವೆಲ್ 1875ರಲ್ಲಿ ಪರವಾನಗಿ ಪಡೆದ. ಬೆಂಗಳೂರಿನ ಲಾವೆಲ್ಲೆ ರಸ್ತೆ ಅವನ ಹೆಸರಿನದೇ. ಹಣ ಸಾಲದೆ ಅವನು ಹಕ್ಕನ್ನು ಬಿಟ್ಟುಕೊಟ್ಟ. 1880ರಲ್ಲಿ ಕಾಲಿಟ್ಟ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೂ ಮುಳುಗುವುದರಲ್ಲಿತ್ತು. ಕೆಲವು ವರ್ಷಗಳ ನಂತರ ಹಳೆಯ ಗುಂಡಿಗಳ ತಳದಿಂದ ಇನ್ನೂ ಕೆಳಗೆ ಇಳಿದಾಗಲೇ ಚಾಂಪಿಯನ್ ಎಳೆ ಸಿಕ್ಕಿದ್ದು.

ಕಲ್ಲಿದ್ದಲಿನ ಮೊದಲ ನಂಟು ಈ ಕಾಲದ್ದು. ನೀರೆತ್ತುವ, ಅದಿರೆತ್ತುವ ಆವಿಯಂತ್ರಗಳಿಗೆ ಸೌದೆಯೂ ಹೊರಗಿನಿಂದ ತರಿಸಿದ ಕಲ್ಲಿದ್ದಲೂ ಬೇಕಿತ್ತು, ಖರ್ಚು ದೊಡ್ಡದು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗಿನ ರೈಲು 1894ರದು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಬಂತು. ಆಗ ಅದು ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಕೆಲಸಗಾರರಲ್ಲಿ ಬಹುಪಾಲು ಆರ್ಕಾಟ್, ಸೇಲಂ ಕಡೆಯ ತಮಿಳರು, ಚಿತ್ತೂರು ಸೀಮೆಯ ತೆಲುಗರು. ಅವರಲ್ಲಿ ದಲಿತರೇ ಹೆಚ್ಚು. ಹೆಬ್ಬೆಟ್ಟಿನ ಗುರುತು ಕೊಡಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ನಡೆದ ಮುಷ್ಕರ ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯ ದೊಡ್ಡ ಘಟನೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದವು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದವು. ಪಂಪುಗಳು ನಿಂತ ಮೇಲೆ ಒಳಗೆ ನೀರು ತುಂಬಿದೆ.

ಧೂಳು ಮತ್ತು ಆರೋಗ್ಯ

ಹೆಸರಿನಿಂದ ಹುಟ್ಟುವ ಹೆದರಿಕೆ ಪೂರ್ತಿ ಸರಿಯಲ್ಲ. ಬಿಸಿಲು, ಗಾಳಿಗೆ ಸೈನೈಡ್ ಬಹುಬೇಗ ಒಡೆದುಹೋಗುತ್ತದೆ. ಹೆಚ್ಚು ಕಾಡುವುದು ಹಿಟ್ಟಿನಷ್ಟು ನುಣುಪಾದ ಸಿಲಿಕಾ ಧೂಳು, ಗಂಧಕದ ಖನಿಜಗಳು ಕರಗಿ ಹರಿಯುವ ಮಳೆನೀರು. ಗಾಳಿ ಜೋರಾದ ತಿಂಗಳುಗಳಲ್ಲಿ ಧೂಳು ಮನೆಗೂ ಹೊಲಕ್ಕೂ ಹೋಗುತ್ತದೆ. ಗಣಿಯೊಳಗಿನ ಧೂಳಿನ ಕಥೆ ಇನ್ನೂ ಕಠೋರ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಎಕ್ಸ್‌ರೇ ಮಾಡಿ ನೋಡಿದಾಗ ಶೇ 40ಕ್ಕೂ ಮಿಕ್ಕಿ ಜನರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡಿತು.

ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ಮಾರಿಕುಪ್ಪಂಗೆ ಪ್ಯಾಸೆಂಜರ್ ರೈಲುಗಳಿವೆ. ಕೊನೆಯ ನಾಲ್ಕು ನಿಲ್ದಾಣಗಳು ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ; ಗಣಿಗಳ ಸಾಲೂ ಇದೇ. ಕೋಲಾರ, ಹುತ್ತೂರು ಕಡೆಯವರು ಬಂಗಾರಪೇಟೆಯ ಮೇಲೆ, ಮುಳಬಾಗಿಲಿನವರು ಬೇತಮಂಗಲದ ಮೇಲೆ ಬರಬಹುದು. ಬೇತಮಂಗಲದ ಪಾಲಾರ್ ಕೆರೆಯೇ ಗಣಿಯೂರಿಗೆ ಕುಡಿಯುವ ನೀರು ಕೊಟ್ಟದ್ದು. ಗಣಿಯ ಒಳಗೆ ಇಳಿಯಲು ಆಗುವುದಿಲ್ಲ. ದಿಬ್ಬಗಳ ಬಿರುಕುಬಿಟ್ಟ ಅಂಚು ಕುಸಿಯುವ ಸ್ವಭಾವದ್ದು, ಮಳೆಯ ಮರುದಿನ ಹತ್ತದಿರುವುದು ಕ್ಷೇಮ. ಸಿನಿಮಾದವರಿಗೆ ಈ ಬೋಳು ಇಳಿಜಾರು ಬಲು ಇಷ್ಟ. 2018ರ ‘ಕೆಜಿಎಫ್’ ಚಿತ್ರದ ಗಣಿ ಕಲ್ಪಿತವಾದರೂ ಚಿತ್ರೀಕರಣ ಇಲ್ಲಿಯೂ ನಡೆಯಿತು.

ಪ್ರವಾಸಿ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಒಂದಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು.

ಸುತ್ತಮುತ್ತ

ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರವೇ ಇದೆ. ಮಾಲೂರು ತಾಲ್ಲೂಕಿನ ಟೇಕಲ್ ಸುತ್ತ ಕಲ್ಲುಕ್ವಾರಿಗಳಿವೆ, ಶಿವಾರಪಟ್ಟಣದಲ್ಲಿ ಶಿಲ್ಪಿಗಳ ಕೇರಿ ಇದೆ. ಕಲ್ಲಿದ್ದಲಿನ ಎರಡನೆಯ ನಂಟು ಕೆಜಿಎಫ್‌ನಲ್ಲೇ ಇರುವ ಬಿಇಎಂಎಲ್ ಕಾರ್ಖಾನೆ. 1964ರಲ್ಲಿ ಆರಂಭವಾದ ಈ ಸಂಸ್ಥೆ ಇಲ್ಲಿ ಬುಲ್ಡೋಜರ್, ಅಗೆಯುವ ಯಂತ್ರ, ಡ್ರ್ಯಾಗ್‌ಲೈನ್‌ಗಳನ್ನು ತಯಾರಿಸುತ್ತದೆ. ಅವುಗಳ ದೊಡ್ಡ ಗಿರಾಕಿ ಕೋಲ್ ಇಂಡಿಯಾ ಮತ್ತು ಅದರ ಬಯಲುಗಣಿಗಳು.